ಗೌರವಕ್ಕೆ ಎಷ್ಟು ಕೂಲಿ?

ಇತಿಹಾಸ ಅಂದಕೂಡಲೆ ನಮ್ಮ ಸೇಡಂ ಸೀಮೆಯಲ್ಲಿ ಎಲ್ಲರ ಬೆರಳೂ ಮಳಖೇಡದ ಕೋಟೆಯ ಕಡೆ ಹೋಗುತ್ತದೆ. ರಾಷ್ಟ್ರಕೂಟರ ರಾಜಧಾನಿ, ನೃಪತುಂಗನ ಆಸ್ಥಾನ, ಕವಿರಾಜಮಾರ್ಗ ಹುಟ್ಟಿದ ನೆಲ. ಶಾಲೆಯಲ್ಲಿ ನಮಗೂ ಇದನ್ನೇ ಬಾಯಿಪಾಠ ಮಾಡಿಸಿದರು. ಬೇಡವೆನ್ನುವುದಿಲ್ಲ. ಆದರೆ ಕಲ್ಲಿನ ಮೇಲೆ ಕೆತ್ತಿಸಿದ್ದು ದಾನ ಕೊಟ್ಟವರ ಹೆಸರು, ಯುದ್ಧ ಗೆದ್ದವರ ಹೆಸರು. ಆ ಕಲ್ಲನ್ನು ಹೊತ್ತವಳು ತನ್ನ ಕೂಸನ್ನು ಎಲ್ಲಿ ಮಲಗಿಸಿದ್ದಳು, ಅದು ಅತ್ತಾಗ ಯಾರು ಎತ್ತಿಕೊಂಡರು ಎಂಬುದು ಯಾರಿಗೂ ಇತಿಹಾಸ ಅನ್ನಿಸಲಿಲ್ಲ. ನಮಗೆ ಅನ್ನಿಸುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಇವುಗಳ ನಡುವೆ ದುಡಿಯುವವರ ಮಕ್ಕಳನ್ನು ಇಷ್ಟು ವರ್ಷ ಯಾರು ನೋಡಿಕೊಂಡರು? ಅವರ ಕೈಗೆ ಏನು ಬಂತು? ಅವರಿಗೆ ಬಾರದೆ ಹೋದದ್ದರಿಂದ ಮಕ್ಕಳು ಏನು ಕಳೆದುಕೊಂಡರು? ಈ ಬರಹದಲ್ಲಿ ನಾವು ಕೇಳುವುದು ಇಷ್ಟೇ ಲೆಕ್ಕ.

ನಮ್ಮ ನೆಲ ಮೇಲೆ ಕಪ್ಪು, ಕೆಳಗೆ ಸುಣ್ಣದ ಕಲ್ಲು. ಮೇಲೆ ತೊಗರಿ, ಜೋಳ ಬೆಳೆಯುವವರೂ ಕೆಳಗಿನ ಕಲ್ಲು ಎಬ್ಬಿಸುವವರೂ ಬಹುಮಟ್ಟಿಗೆ ಅದೇ ಕೇರಿಯವರು, ಅದೇ ತಾಂಡಾದವರು. ಶಹಾಬಾದಿನ ಪರ್ಸಿ ದೂರದೂರದ ಊರುಗಳ ಪಡಸಾಲೆಗಳಲ್ಲಿ ತಣ್ಣಗೆ ಹಾಸಿಕೊಂಡಿದೆ. ಅದನ್ನು ಎಬ್ಬಿಸಿದವಳ ಕೂಸು ಮಾತ್ರ ಬಿಸಿಲಲ್ಲಿ. ಎರಡು ಗೂಟ, ಒಂದು ಹಳೆ ಸೀರೆ, ಅದೇ ಜೋಲಿ. ಜಾಲಿ ಗಿಡ ಇದ್ದರೆ ನೆರಳು, ಇಲ್ಲದಿದ್ದರೆ ಇಲ್ಲ. ಜೋಲಿ ತೂಗುವುದಕ್ಕೆ ಆರೇಳು ವರ್ಷದ ಒಂದು ಹೆಣ್ಣು ಮಗು. ನಮ್ಮ ಸೀಮೆಯ ಮೊದಲ ಅಂಗನವಾಡಿ ಕಾರ್ಯಕರ್ತೆ ಯಾರು ಎಂದು ಯಾರಾದರೂ ಕೇಳಿದರೆ ನಾವು ಈ ಆರೇಳು ವರ್ಷದ ಅಕ್ಕನನ್ನು ತೋರಿಸುತ್ತೇವೆ. ಸಂಬಳವಿಲ್ಲ, ಹಾಜರಿಯಿಲ್ಲ, ರಜೆಯಿಲ್ಲ. "ತಮ್ಮನ್ನ ನೋಡ್ಕೋ ಯವ್ವಾ, ಅಳಸಬ್ಯಾಡ" ಎಂಬುದೇ ಆಕೆಯ ನೇಮಕಾತಿ ಆದೇಶ.

ಮನೆಗೆ ಮೊದಲ ಪದವಿ ತಂದ ಹುಡುಗರೆಂದು ನಮ್ಮನ್ನು ಓಣಿಯಲ್ಲಿ ಹೊಗಳುತ್ತಾರೆ. ನಮ್ಮನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಅಕ್ಕಂದಿರು ಶಾಲೆಯ ಕಟ್ಟೆ ಹತ್ತಲಿಲ್ಲ. ನಮ್ಮ ಪದವಿಯ ಕಾಗದದೊಳಗೆ ಅವರ ಪಾಟಿ, ಬಳಪ ಕರಗಿಹೋಗಿವೆ. ಶಾಲೆ ಬಿಟ್ಟ ಹೆಣ್ಣುಮಕ್ಕಳ ಬಗ್ಗೆ ಭಾಷಣ ಮಾಡುವವರು ಶಾಲೆ ಬಿಡಿಸಿದ ಆ ಕೂಸಿನ ಬಗ್ಗೆಯೂ ಮಾತಾಡಬೇಕು. ಕೂಸಿಗೆ ಒಂದು ಜಾಗ ಸಿಕ್ಕರೆ ಇಬ್ಬರು ಓದುತ್ತಾರೆ.

ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿ ಕಚೇರಿಯ ಭಾಷೆ, ಮೇಲಿನ ಓದಿನ ಭಾಷೆ ಉರ್ದು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಹೋಯಿತು, 1956ರಲ್ಲಿ ಗುಲ್ಬರ್ಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯ ಬದಲಾದರೂ ಜೋಲಿ ಬದಲಾಗಲಿಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಹೆಸರಿಸಿದಾಗ ಅದರಲ್ಲಿ 21 ಗುಲ್ಬರ್ಗ ವಿಭಾಗದವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯೊಳಗಿದ್ದವು.

ಕಾಯ್ದೆ ಇರಲಿಲ್ಲವೆ? ಇತ್ತು. ಅದರ ಬೇರು ಹುಡುಕಿದರೆ ಬಾಬಾಸಾಹೇಬರ ಹತ್ತಿರ ಹೋಗಬೇಕಾಗುತ್ತದೆ. 1928ರ ಜುಲೈನಲ್ಲಿ ಬೊಂಬಾಯಿ ಶಾಸನ ಸಭೆಯಲ್ಲಿ ಕಾರ್ಖಾನೆಯ ಬಾಣಂತಿಯರಿಗೆ ಭತ್ಯೆ ಕೊಡುವ ಮಸೂದೆ ಬಂದಾಗ ಅವರು ಎದ್ದುನಿಂತು ಬೆಂಬಲಿಸಿದರು. ಹೆರಿಗೆಯ ಭಾರ ತಾಯಿಯೊಬ್ಬಳದಲ್ಲ ಎಂಬುದು ಅವರ ನಿಲುವು. 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅವರ ಕೈಯಲ್ಲಿತ್ತು. ಗಣಿಯಲ್ಲಿ ದುಡಿಯುವ ತಾಯಂದಿರ ಮಕ್ಕಳಿಗೆ ಶಿಶುಗೃಹ ಇರಬೇಕೆಂಬುದು ಕಾನೂನಿನೊಳಗೆ ಬಂದದ್ದು ಆ ವರ್ಷಗಳಲ್ಲೇ. ನಮ್ಮ ಜಯಂತಿಗಳಲ್ಲಿ ಸಂವಿಧಾನದ ಪುಸ್ತಕ ಹಿಡಿದ ಬಾಬಾಸಾಹೇಬರನ್ನು ನೋಡುತ್ತೇವೆ, ಕಂಠ ಸೋಲುವಂತೆ ಜೈಕಾರ ಕೂಗುತ್ತೇವೆ. ಗಣಿಯ ಬಾಯಲ್ಲಿ ತೊಟ್ಟಿಲು ಕಟ್ಟಿಸಲು ಹೊರಟ ಬಾಬಾಸಾಹೇಬರ ಚಿತ್ರ ಯಾವ ಪೋಸ್ಟರಿನಲ್ಲೂ ನಮಗೆ ಸಿಕ್ಕಿಲ್ಲ.

ಆಮೇಲೆ ಬಂದ ಕಾಯ್ದೆಗಳು ತೊಟ್ಟಿಲಿಗೆ ಅಳತೆ ಹಾಕಿದವು. 1948ರ ಫ್ಯಾಕ್ಟರಿ ಕಾಯ್ದೆ 50ಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಕಾರ್ಖಾನೆಗೆ ಶಿಶುಗೃಹ ಕಡ್ಡಾಯ ಎಂದಿತು. 1976ರಲ್ಲಿ ಅದನ್ನು 30ಕ್ಕೆ ಇಳಿಸಿದರು. 1952ರ ಗಣಿ ಕಾಯ್ದೆಯ ಮೂರನೆಯ ಕಲಮು ಇನ್ನೂ ಸೂಕ್ಷ್ಮವಾಗಿತ್ತು. ಕಟ್ಟಡದ ಕಲ್ಲು, ಸುಣ್ಣದ ಕಲ್ಲು ತೆಗೆಯುವ ಬಯಲು ಗಣಿ ಎಲ್ಲಿಯೂ ಆರು ಮೀಟರಿಗಿಂತ ಆಳವಿಲ್ಲದಿದ್ದರೆ, ಆಳುಗಳು 50ಕ್ಕಿಂತ ಹೆಚ್ಚಿಲ್ಲದಿದ್ದರೆ, ಮದ್ದು ಸಿಡಿಸದಿದ್ದರೆ, ಕಾಯ್ದೆಯ ಬಹುಪಾಲು ನಿಯಮಗಳು ಅದಕ್ಕೆ ತಾಗುತ್ತಿರಲಿಲ್ಲ. ಪರ್ಸಿ ಎಂಬುದು ಪದರಪದರವಾಗಿ ನೆಲಕ್ಕೆ ಹತ್ತಿರವೇ ಸಿಗುವ ಕಲ್ಲು. ಹಾರೆ, ಉಳಿ, ಸುತ್ತಿಗೆ ಸಾಕು. ಸಣ್ಣ ಖಣಿಯೊಂದು ಈ ಕಲಮಿನ ಸಂದಿಯಲ್ಲಿ ನುಸುಳಿ ಹೋಗುವುದು ಎಷ್ಟು ಸಲೀಸಾಗಿತ್ತು ಎಂದು ಬೇರೆ ಹೇಳಬೇಕಿಲ್ಲ. ನಾವು ಕೇಳುತ್ತೇವೆ, ಕೂಸು ಅಳಬೇಕಾದರೆ ಗಣಿ ಎಷ್ಟು ಮೀಟರ್ ಆಳ ಇರಬೇಕು ಸ್ವಾಮಿ?

ಶಹಾಬಾದಿನಲ್ಲಿ ಸಿಮೆಂಟು ನಿಜಾಮನ ಕಾಲದ್ದು. ವಾಡಿಯಲ್ಲಿ 1968ರಲ್ಲಿ ಕಾರ್ಖಾನೆ ಎದ್ದಿತು, 1980ರ ದಶಕದಲ್ಲಿ ಮಳಖೇಡ, ಸೇಡಂಗಳಲ್ಲಿ ಚಿಮಣಿಗಳು ಬಂದವು. ಕಾಯಂ ಹಾಜರಿ ಪಟ್ಟಿಯಲ್ಲಿ ಹೆಣ್ಣಿನ ಹೆಸರು ಹುಡುಕಿದರೂ ಸಿಗುವುದು ಕಷ್ಟ. ಹೊಲದ ಮಾತಂತೂ ಬೇಡ. ತೊಗರಿ ಕೊಯ್ಲಿಗೆ ಹೋದವಳ ಕೂಸಿಗೆ ಫ್ಯಾಕ್ಟರಿ ಕಾಯ್ದೆಯೂ ಇಲ್ಲ, ಗಣಿ ಕಾಯ್ದೆಯೂ ಇಲ್ಲ. ದೇಶದಲ್ಲಿ ಅತಿ ಹೆಚ್ಚು ತಾಯಂದಿರು ದುಡಿಯುವ ಜಾಗವೇ ಹೊಲ!

ಹೀಗೆ ಕಾಯ್ದೆಯ ಹೊರಗೆ ಬಿದ್ದವರ ಮಕ್ಕಳಿಗೆ ಒಂದು ಅಂಗಳ ಸಿಕ್ಕಿದ್ದು ಬೇರೆ ದಾರಿಯಿಂದ. ಅದರ ಕಥೆ ನೆರೆಯ ಮಹಾರಾಷ್ಟ್ರದಲ್ಲಿದೆ. ಗುಜರಾತಿನ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದಿದ್ದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಠಾಣೆ ಜಿಲ್ಲೆಯ ಸಮುದ್ರದಂಡೆಯ ಬೋರ್ಡಿ ಎಂಬ ಹಳ್ಳಿಗೆ ಬಂದು ಬಾಲವಾಡಿ ಆರಂಭಿಸಿದರು. ಅನುತಾಯಿ ವಾಘ್ ಅವರ ಜೊತೆಗಾದರು. ಬಾಲವಾಡಿಗೆ ಊರ ಮಕ್ಕಳು ಬಂದವು, ಹೊಲಗೇರಿಯ ಮಕ್ಕಳು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳುವ ಅಗತ್ಯವಿಲ್ಲ. ಆಗ ಅವರು ಮಾಡಿದ್ದು ಸರಳವಾದ ಕೆಲಸ. ಬಾಲವಾಡಿಯನ್ನೇ ಎತ್ತಿಕೊಂಡು ಕೇರಿಯ ಅಂಗಳಕ್ಕೆ ಹೋದರು. ಮಕ್ಕಳ ಮೈ ತೊಳೆದರು, ಉಗುರು ಕತ್ತರಿಸಿದರು, ಹಾಡಿದರು. ಮಾಂಟೆಸ್ಸರಿಯ ದುಬಾರಿ ಸಾಮಾನಿನ ಬದಲು ಕಲ್ಲು, ಎಲೆ, ಬೀಜ, ಕಪ್ಪೆಚಿಪ್ಪುಗಳಿಂದ ಎಣಿಕೆ ಕಲಿಸಿದರು. 1957ರಲ್ಲಿ ಕೋಸಬಾಡದ ಗುಡ್ಡಕ್ಕೆ ಹೋಗಿ ವಾರ್ಲಿ ಆದಿವಾಸಿಗಳ ನಡುವೆ ಅದನ್ನೇ ಮುಂದುವರಿಸಿದರು.

ಅಂಗನವಾಡಿ ಎಂಬ ಮಾತಿನ ಅಂಗಳ ಹೊಲಗೇರಿಯ ಅಂಗಳ. ಇದನ್ನು ನಾವು ಮತ್ತೆ ಮತ್ತೆ ಹೇಳಬೇಕು. ಯಾಕೆಂದರೆ ಸರ್ಕಾರ ಈ ಹೆಸರನ್ನು ಎತ್ತಿಕೊಂಡು ಅಂಗಳವನ್ನು ಎಷ್ಟೋ ಕಡೆ ಊರೊಳಗೇ ಬಿಟ್ಟಿತು.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾಯಿತು. ಕರ್ನಾಟಕಕ್ಕೆ ಬಂದದ್ದು ಒಂದು, ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ, 100 ಕೇಂದ್ರಗಳೊಡನೆ. ನಮ್ಮ ಕಡೆಗೆ ಬಂದದ್ದು ಆಮೇಲೆ. ನಮ್ಮ ಕಡೆಗೆ ಎಲ್ಲವೂ ಆಮೇಲೆಯೇ ಬರುತ್ತದೆ. 1975 ಅಂದರೆ ನಮ್ಮ ಚಳವಳಿಯವರ ನೆನಪಿಗೆ ಬರುವುದು ತುರ್ತುಪರಿಸ್ಥಿತಿ. ಅದರ ಹಿಂದೆ 1973ರ ಬೂಸಾ ಗಲಾಟೆ, ಅದರ ಮುಂದೆ 1979ರ ಬಂಡಾಯ ಸಾಹಿತ್ಯ ಸಮ್ಮೇಳನ. ಈ ದಿನಾಂಕಗಳ ನಡುವೆ ಸಾವಿರಾರು ಬಡ ಹೆಣ್ಣುಮಕ್ಕಳು ಸರ್ಕಾರದ ಕೆಲಸಕ್ಕೆ ಸೇರಿದ್ದನ್ನು ನಮ್ಮ ಗಂಡು ಕವಿಗಳು ಕಾಣಲಿಲ್ಲ. ಸೇರಿದರು ಅಂದೆವೆ? ತಪ್ಪು ಮಾತು. ಸರ್ಕಾರದ ಕಡತದ ಪ್ರಕಾರ ಅವರು ಕೆಲಸಕ್ಕೆ ಸೇರಲೇ ಇಲ್ಲ, 'ಸೇವೆ'ಗೆ ಬಂದರು. ಅವರಿಗೆ ಕೊಟ್ಟದ್ದು ಸಂಬಳವಲ್ಲ, ಗೌರವಧನ.

ಆ ಗೌರವದ ಬೆಲೆ ಎಷ್ಟು? 1975ರಲ್ಲಿ ಮೆಟ್ರಿಕ್ ಪಾಸಾದ ಕಾರ್ಯಕರ್ತೆಗೆ ತಿಂಗಳಿಗೆ 150 ರೂಪಾಯಿ, ಪಾಸಾಗದವಳಿಗೆ 100, ಸಹಾಯಕಿಗೆ 35. ನೀರು ತರುವುದು, ಕಸ ಹೊಡೆಯುವುದು, ಒಲೆ ಊದುವುದು, ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಚಡ್ಡಿಯಲ್ಲೇ ಮಾಡಿಕೊಂಡ ಕೂಸನ್ನು ತೊಳೆಯುವುದು, ಇದಕ್ಕೆಲ್ಲ ದಿನಕ್ಕೆ ಒಂದು ರೂಪಾಯಿ ಚಿಲ್ಲರೆ ಗೌರವ! 1978ರಲ್ಲಿ ಇದು 175, 125, 50 ಆಯಿತು. ಆಮೇಲೆ ಎಂಟು ವರ್ಷ ಕೇಂದ್ರದ ಪಾಲು ಒಂದು ಪೈಸೆ ಏರಲಿಲ್ಲ. 1986ರಲ್ಲಿ ಮೆಟ್ರಿಕ್ ಆದವಳಿಗೆ 275, ಸಹಾಯಕಿಗೆ 110. 1992ರಲ್ಲಿ 400 ಮತ್ತು 200. 1997ರಲ್ಲಿ 500 ಮತ್ತು 260. 2002ರಲ್ಲಿ ಸಾವಿರ ಮುಟ್ಟಿತು, ಸಹಾಯಕಿಗೆ 500. 2008ರಲ್ಲಿ 1,500, 2011ರಲ್ಲಿ 3,000, 2018ರ ಅಕ್ಟೋಬರಿನಿಂದ 4,500. ಸಹಾಯಕಿಗೆ ಆ ಹೊತ್ತಿಗೆ 2,250. ರಾಜ್ಯ ಸರ್ಕಾರ ತನ್ನ ಪಾಲು ಇದಕ್ಕೆ ಸೇರಿಸುತ್ತ ಬಂದಿದೆ. ಅದೂ ಪ್ರತಿ ಸಲ ರಸ್ತೆಗೆ ಇಳಿದ ಮೇಲೆ.

ಈ ಲೆಕ್ಕದಲ್ಲಿ ಜಾತಿ ಎಲ್ಲಿ ಕೂತಿದೆ ನೋಡಿರಿ. 1970, 80ರ ದಶಕದಲ್ಲಿ ನಮ್ಮ ಹಳ್ಳಿಗಳಲ್ಲಿ ಮೆಟ್ರಿಕ್ ಆದ ಹೆಣ್ಣುಮಗಳು ಯಾರ ಮನೆಯವಳು? ಕೇರಿಯವಳಿಗೆ ಓದು ಇಲ್ಲವೆಂದು ಟೀಚರ್ ಕೆಲಸ ಇಲ್ಲ; ಆಕೆ ಮುಟ್ಟಿದ್ದನ್ನು ಉಣ್ಣುವುದಿಲ್ಲವೆಂದು ಅಡುಗೆಯ ಕೆಲಸವೂ ಇಲ್ಲ. ಎರಡೂ ಬಾಗಿಲು ದಾಟಿ ಒಳಗೆ ಬಂದವಳಿದ್ದರೆ ಆಕೆಯ ಕೈಯ ಉಪ್ಪಿಟ್ಟು ತಿನ್ನಬಾರದೆಂದು ಮೂರು ವರ್ಷದ ಮಕ್ಕಳನ್ನು ಮನೆಯಲ್ಲೇ ಕೂಡಿಸಿಕೊಂಡ ಊರುಗಳ ಸುದ್ದಿ ನಾಡಿನ ಪತ್ರಿಕೆಗಳಲ್ಲಿ ಇಂದಿಗೂ ಬರುತ್ತದೆ. ಮೂರು ವರ್ಷದ ಕೂಸಿಗೆ ಏನು ಗೊತ್ತು ಮೈಲಿಗೆ? ಮನೆಯವರು ಕಲಿಸುತ್ತಾರೆ. ಪೂರ್ವ ಪ್ರಾಥಮಿಕ ಶಿಕ್ಷಣ ಅಂದರೆ ಇದೂ ಒಂದು.

2006ರ ಡಿಸೆಂಬರ್ ತಿಂಗಳನ್ನು ಮಾತ್ರ ನಾವು ನಿಧಾನವಾಗಿ ಓದಬೇಕು. ಆ ತಿಂಗಳ 7ರಂದು ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಕರ್ನಾಟಕ ಸರ್ಕಾರ ಒಂದು ಕಡೆ, ಅಮೀರ್‌ಬಿ ಮತ್ತಿತರ ಅಂಗನವಾಡಿ ಹೆಣ್ಣುಮಕ್ಕಳು ಇನ್ನೊಂದು ಕಡೆ. ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರದ ನಾಗರಿಕ ಹುದ್ದೆಯಲ್ಲ, ಆದ್ದರಿಂದ ರಾಜ್ಯದ ಆಡಳಿತ ನ್ಯಾಯಮಂಡಳಿಯ ಬಾಗಿಲು ಅವರಿಗಿಲ್ಲ ಎಂದು ಕೋರ್ಟು ಹೇಳಿತು. ಆರೇ ದಿನ. ಅದೇ ತಿಂಗಳ 13ರಂದು ಅದೇ ಕೋರ್ಟು, ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ, ದೇಶದಲ್ಲಿ 14 ಲಕ್ಷ ಅಂಗನವಾಡಿಗಳಾಗಬೇಕು, ದಲಿತ ಆದಿವಾಸಿ ಕೇರಿಗಳಿಗೆ ಮೊದಲ ಸರದಿ, 40 ಮಕ್ಕಳಿದ್ದೂ ಕೇಂದ್ರವಿಲ್ಲದ ವಸತಿಯವರು ಕೇಳಿದರೆ ಮೂರು ತಿಂಗಳೊಳಗೆ ಕೊಡಬೇಕು ಎಂದು ಆದೇಶಿಸಿತು. ಎರಡನೆಯ ಆದೇಶ ನಮ್ಮ ಕೇರಿ, ತಾಂಡಾಗಳ ಕೈಯಲ್ಲಿದ್ದ ಒಳ್ಳೆಯ ಆಯುಧ, ಅದನ್ನು ಕುಗ್ಗಿಸುವುದಿಲ್ಲ. ಆದರೆ ಎರಡನ್ನೂ ಒಟ್ಟಿಗಿಟ್ಟು ನೋಡಿ. ಕೂಸಿಗೆ ಹಕ್ಕಿದೆ, ಕೂಸನ್ನು ಎತ್ತಿಕೊಳ್ಳುವ ಕೈಗೆ ಹಕ್ಕಿಲ್ಲ. ಕೈ ಇಲ್ಲದ ಹಕ್ಕು ಕೂಸಿಗೆ ಗಂಜಿ ಕುಡಿಸುತ್ತದೆಯೆ?

ಈಗ ಆ ಕೋಣೆಯ ಒಳಗೆ ಹೋಗೋಣ. ಯೋಜನೆಯ ಕಾಗದದಲ್ಲಿ ಆರು ಸೇವೆ: ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ. ಕೊನೆಯದು ನಿಜಕ್ಕೂ ಕೊನೆಗೇ ಉಳಿಯುತ್ತದೆ. ತೂಕ ಮಾಡಬೇಕು, ಬರೆಯಬೇಕು. ರೇಷನ್ ಹಂಚಬೇಕು, ಬರೆಯಬೇಕು. 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಬಂತು, ಬಸುರಿ ಬಾಣಂತಿಯರಿಗೂ ಕೇಂದ್ರದಲ್ಲೇ ಬಿಸಿಯೂಟ. ಒಳ್ಳೆಯ ಯೋಜನೆ, ಒಲೆ ಮಾತ್ರ ಅದೇ, ಸಹಾಯಕಿ ಅವಳೇ. 2021ರಿಂದ ಪೋಷಣ್ ಟ್ರ್ಯಾಕರ್ ಬಂದಿತು. ಪುಸ್ತಕದ ಜೊತೆಗೆ ಮೊಬೈಲು. ಚುನಾವಣೆಯ ಪಟ್ಟಿ, ಸಮೀಕ್ಷೆ, ಯಾವುದೇ ಬಂದರೂ ಟೀಚರಮ್ಮನೇ. 'ಚಿಲಿಪಿಲಿ' ಎಂಬ ಚಂದದ ಪಠ್ಯ ಇದೆ: ಹಾಡು, ಕಥೆ, ಬಣ್ಣ, ಮಣ್ಣಿನಾಟ. ಅದನ್ನು ತೆರೆಯುವ ಹೊತ್ತಿಗೆ ಟೀಚರಿನ ಗಂಟಲು ಒಣಗಿರುತ್ತದೆ.

ನಮ್ಮ ಕಡೆ ಇನ್ನೊಂದು ಮಾತಿದೆ. ಅದು ಬೆಂಗಳೂರಿನ ತರಬೇತಿ ಪುಸ್ತಕಕ್ಕೆ ಸುಲಭವಾಗಿ ಹೊಳೆಯುವುದಿಲ್ಲ. ಚಿತ್ತಾಪುರ, ಚಿಂಚೋಳಿಯ ತಾಂಡಾಗಳಲ್ಲಿ ಮಗು ಬರುವುದು ಲಂಬಾಣಿ ಮಾತಾಡುತ್ತ. ವಾಡಿ, ಶಹಾಬಾದಿನ ಓಣಿಗಳಲ್ಲಿ ದಖನಿ ಉರ್ದು. ಸೇಡಂ, ಚಿಂಚೋಳಿಯ ಮೂಡಲ ಗಡಿಯಲ್ಲಿ, ತೆಲಂಗಾಣದ ಮಗ್ಗುಲಲ್ಲಿ, ತೆಲುಗು. ಮೂರು ವರ್ಷದ ಕೂಸಿಗೆ ನೀರು ಬೇಕು ಅನ್ನುವುದಕ್ಕೆ ಒಂದು ಭಾಷೆ, ಅಕ್ಕೋರು ಹೇಳಿಕೊಡುವುದು ಇನ್ನೊಂದು ಭಾಷೆ. ಇಲ್ಲಿ ಗುಣಮಟ್ಟ ಅಂದರೆ ಗೋಡೆಯ ಬಣ್ಣವಲ್ಲ, ಪ್ಲಾಸ್ಟಿಕ್ ಆಟಿಕೆಯಲ್ಲ. ತಾಂಡಾದವಳೇ ಟೀಚರಾದರೆ ಲಂಬಾಣಿಯಲ್ಲಿ ಸಮಾಧಾನ ಮಾಡಿ, ಕನ್ನಡದಲ್ಲಿ ಎಣಿಸುವುದನ್ನು ಕಲಿಸುತ್ತಾಳೆ. ಅಂಥವಳು ಹತ್ತು ವರ್ಷ ಅದೇ ಕೋಣೆಯಲ್ಲಿ ನಿಂತರೆ ಒಂದು ತಲೆಮಾರು ಶಾಲೆಗೆ ಹೆದರದೆ ಹೋಗುತ್ತದೆ. ಆಕೆಯನ್ನು ನಿಲ್ಲಿಸುವುದು ಹೇಗೆ? ಗೌರವದಿಂದ ಹೊಟ್ಟೆ ತುಂಬುವುದಿಲ್ಲವಲ್ಲ. ಆಕೆಯೂ ಗಂಡನ ಜೊತೆ ಮುಂಬಯಿಗೋ ಪುಣೆಗೋ ಹೈದರಾಬಾದಿಗೋ ಗುಳೆ ಹೊರಟರೆ ಕೋಣೆಗೆ ಬೀಗ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಹನ್ನೆರಡನೆಯ ತರಗತಿ ಓದಿದ ಕಾರ್ಯಕರ್ತೆಗೆ ಆರು ತಿಂಗಳ ಸರ್ಟಿಫಿಕೇಟು, ಕಡಿಮೆ ಓದಿದವಳಿಗೆ ಒಂದು ವರ್ಷದ ಡಿಪ್ಲೊಮಾ ಎಂದಿತು. ತರಬೇತಿ ಬೇಕು, ನಾವೂ ಕೇಳುತ್ತೇವೆ. ಆದರೆ ಸರ್ಟಿಫಿಕೇಟು ಪಡೆದ ಮೇಲೂ ಆಕೆ ಶಿಕ್ಷಕಿ ಆಗುವುದಿಲ್ಲ, ಗೌರವಧನದ ಕಾರ್ಯಕರ್ತೆಯಾಗಿಯೇ ಉಳಿಯುತ್ತಾಳೆ ಎಂದರೆ ಆ ಕಾಗದ ಯಾರ ಗೋಡೆಗೆ? 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಶಿಕ್ಷಣ ಇಲಾಖೆ ಹೊರಟಿತು. ಮಕ್ಕಳು ಅಲ್ಲಿಗೆ ಹೋದರೆ ಅಂಗನವಾಡಿಯಲ್ಲಿ ಉಳಿಯುವುದು ಒಲೆ ಮಾತ್ರ ಎಂದು ಕಾರ್ಯಕರ್ತೆಯರು ಆ ಜೂನಿನಲ್ಲಿ ಬೆಂಗಳೂರಿಗೆ ಹೋಗಿ ಕೂತರು. ಕೆಲವರು ಇದನ್ನು ನೌಕರಿ ಉಳಿಸಿಕೊಳ್ಳುವ ಹಟ ಅಂದರು. ನಾವು ಹಾಗೆ ತಿಳಿಯುವುದಿಲ್ಲ. ಅವರು ಕೇಳಿದ್ದು ಕಲಿಸುವ ಹಕ್ಕು: ಎಲ್‌ಕೆಜಿ ನಮ್ಮ ಕೋಣೆಯಲ್ಲೇ ಆಗಲಿ, ನಮಗೇ ಕಲಿಸಿ, ನಾವು ಕಲಿಸುತ್ತೇವೆ.

ಆ ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಯಲ್ಲಿ ಮಲಗಿದ್ದು ಅದೇ ಮೊದಲಲ್ಲ. 2017ರ ಮಾರ್ಚಿನಲ್ಲಿ ನಾಲ್ಕು ದಿನ, ಹಗಲು ರಾತ್ರಿ, ಡಾಂಬರಿನ ಮೇಲೆ. ಕೆಲವರ ಮಡಿಲಲ್ಲಿ ಕೂಸುಗಳಿದ್ದವು. ನಮ್ಮ ಸೀಮೆಯಿಂದ ಅಲ್ಲಿಗೆ ಹೋಗುವುದೆಂದರೆ ರಾತ್ರಿಯಿಡೀ ರೈಲು, ಬುತ್ತಿ ಗಂಟು, ಮನೆಯಲ್ಲಿ ಬಿಟ್ಟ ಮಕ್ಕಳ ಚಿಂತೆ. ಆಮೇಲೆ ರಾಜ್ಯದ ಗೌರವಧನ ಕಾರ್ಯಕರ್ತೆಗೆ 8,000, ಸಹಾಯಕಿಗೆ 4,000 ಆಯಿತು. 2022ರ ಏಪ್ರಿಲ್ 25ರಂದು ಗುಜರಾತಿನ ಮಣಿಬೆನ್ ಎಂಬ ಕಾರ್ಯಕರ್ತೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿಯವರಿಗೂ 1972ರ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತದೆ ಎಂದಿತು. ಅಲ್ಲಿ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ನಡೆಯುತ್ತದೆ ಎಂಬುದೂ ಕೋರ್ಟು ಹಿಡಿದ ಕಾರಣಗಳಲ್ಲಿ ಒಂದು. ಕೂಸಿಗೆ ಕಲಿಸುವುದು ದುಡಿಮೆ ಎಂದು ಕಾಗದದ ಮೇಲೆ ಬರುವುದಕ್ಕೆ 1975ರಿಂದ 47 ವರ್ಷ ಬೇಕಾಯಿತು! ತೀರ್ಪು ಬಂದರೂ ದುಡ್ಡು ಬರಲಿಲ್ಲ. 2023ರ ಜನವರಿಯ ಚಳಿಯಲ್ಲಿ ಮತ್ತೆ ಫ್ರೀಡಂ ಪಾರ್ಕು, ಮತ್ತೆ ಹತ್ತು ದಿನ. ಆಗ ಸರ್ಕಾರ ಗ್ರಾಚ್ಯುಟಿಗೆ ಒಪ್ಪಿತು.

2023ರಲ್ಲೇ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ರಾಜ್ಯದ ಬಜೆಟ್ಟು ಹೇಳಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಕೂಸುಗಳಿಗೆ. ಅಂಗನವಾಡಿ ಕೈಬಿಟ್ಟ ವಯಸ್ಸು ಇದೇ, ಜೋಲಿಯ ವಯಸ್ಸು. ಹಾಗಾಗಿ ನಮಗೆ ಸಂತೋಷವಾಯಿತು. ಆದರೆ ನೋಡಿಕೊಳ್ಳುವವಳಿಗೆ ಇಟ್ಟದ್ದು ಖಾತ್ರಿಯ ಕೂಲಿ. ಒಂದು ಮನೆಗೆ ವರ್ಷಕ್ಕೆ ನೂರು ದಿನ ಎಂಬುದು ಆಗಿನ ಲೆಕ್ಕ, ಅದು ಮುಗಿದರೆ ಸರದಿಯಲ್ಲಿ ಇನ್ನೊಬ್ಬಳು. ಎಂಟು ತಿಂಗಳ ಕೂಸು ಒಂದು ಮುಖಕ್ಕೆ ಹೊಂದಿಕೊಳ್ಳುವ ಹೊತ್ತಿಗೆ ಆ ಮುಖ ಬದಲಾಗುತ್ತದೆ. ಕೂಸಿಗೆ ಮಸ್ಟರ್ ರೋಲ್ ಓದಲು ಬರುವುದಿಲ್ಲ.

ಗ್ರಾಚ್ಯುಟಿಯ ಆದೇಶದಲ್ಲಿ 2023ಕ್ಕೆ ಮುಂಚೆ ನಿವೃತ್ತರಾದವರು ಹೊರಗುಳಿದರು. ಲೆಕ್ಕ ಹಾಕಿ ನೋಡಿ. 1980ರಲ್ಲಿ ಇಪ್ಪತ್ತೈದರ ಹರೆಯದಲ್ಲಿ, 50 ರೂಪಾಯಿಗೆ ಸಹಾಯಕಿಯಾದವಳಿಗೆ 2015ಕ್ಕೆ ಅರವತ್ತು ತುಂಬಿತು. ಯಾರೂ ದುಡಿಮೆಗಾರಳು ಎಂದು ಕರೆಯದ ಕಾಲದಲ್ಲಿ ದುಡಿದವಳೇ ಆಕೆ. ಇಂಥವರು ನಮ್ಮ ಐದು ಊರುಗಳ ಸುತ್ತಲ ಕೇರಿ, ತಾಂಡಾ, ಓಣಿಗಳಲ್ಲಿ ಇನ್ನೂ ಬದುಕಿದ್ದಾರೆ, ಕಟ್ಟೆಯ ಮೇಲೆ ಕೂತು ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾರೆ. ಈ ಪತ್ರಿಕೆ ಓದುವ ಮಾಸ್ತರರೆ, ಅಕ್ಕೋರೆ, ಹಾಸ್ಟೆಲಿನ ಗೆಳೆಯರೆ, ಅವರ ಹತ್ತಿರ ಹೋಗಿ ಕೂಡಿ. ಕೇಂದ್ರ ಶುರುವಾದದ್ದು ಯಾರ ಪಡಸಾಲೆಯಲ್ಲಿ, ಯಾವ ವರ್ಷ? ಮೊದಲ ದಿನ ಎಷ್ಟು ಮಕ್ಕಳು ಬಂದವು, ಯಾವ ಓಣಿಯವು ಬರಲಿಲ್ಲ? ಮೊದಲ ತಿಂಗಳು ಕೈಗೆ ಎಷ್ಟು ಬಂತು, ಎಷ್ಟು ತಿಂಗಳು ತಡವಾಗಿ ಬಂತು? ಆಕೆಯ ಮಾತಿನಲ್ಲೇ ಬರೆದುಕೊಳ್ಳಿ. ಹಳೆಯ ಹಾಜರಿ ಪುಸ್ತಕ, ನೇಮಕಾತಿಯ ಚೀಟಿ ಟ್ರಂಕಿನ ತಳದಲ್ಲಿ ಇದ್ದರೆ ಅದನ್ನೂ ತೆಗೆಸಿ ನೋಡಿ. ಸೇವೆಯ ವರ್ಷಗಳನ್ನು ಸಾಬೀತು ಮಾಡಲು ನಾಳೆ ಕೋರ್ಟಿನಲ್ಲಿ ಅದೇ ಕಾಗದ ಬೇಕಾಗುತ್ತದೆ.